ಸಹಿಯ ಮೇಲೆ ಅರ್ಧ ಸಿಕ್ಕಾ

ನಾನು ಓದುತ್ತಿದ್ದುದು ಒಂದು ದೇಶದಲ್ಲಿ, ಕೆಲಸ ಕೊಟ್ಟ ಕಂಪನಿ ಇದ್ದುದು ಇನ್ನೊಂದು ದೇಶದಲ್ಲಿ, ರಜೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದು ಶಹಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನಗೆ ಎತ್ತು, ಕೋಣ ಸಾಲದು ಎಂಬಂತೆ ಮನೆಯಲ್ಲಿ ಅಪ್ಪನೂ ಇದ್ದ.

ಕೆಲಸ ದೊಡ್ಡದೇನಲ್ಲ. ಆಕಾಶದಿಂದ ತೆಗೆದ ಹೊಲಗಳ ಚಿತ್ರಗಳು ಬರುತ್ತಿದ್ದವು. ಒಂದೊಂದು ಹೊಲದ ಸುತ್ತ ಗೆರೆ ಎಳೆದು ಇದು ಹತ್ತಿ, ಇದು ಭತ್ತ ಎಂದು ಗುರುತು ಹಾಕಬೇಕು. ಕಾಲುವೆ ನೀರಿನ ಸೀಮೆಯಲ್ಲಿ ಬೆಳೆದವಳಿಗೆ ಅದೇನು ಮಹಾ! ಆದರೆ ಓದುವ ಊರಿನಲ್ಲಿ ನನ್ನ ಊಟ, ಬಾಡಿಗೆ ಎಲ್ಲ ನಡೆಯುತ್ತಿದ್ದುದು ಅದರಿಂದಲೇ. ಕೆಲಸ ನಿಂತರೆ ಓದೂ ನಿಂತಂತೆ.

ರಜೆಯ ನಡುವೆ ವಿಶ್ವವಿದ್ಯಾಲಯದಿಂದ ಮೇಲ್ ಬಂತು. ಬೇರೆ ದೇಶದ ಕಂಪನಿಗೆ ದುಡಿಯುವ ವಿದ್ಯಾರ್ಥಿಗಳು ತಿಂಗಳ ಕೊನೆಯೊಳಗೆ ಕಂಪನಿಯ ಸಹಿ ಇರುವ ಪತ್ರ ಕೊಟ್ಟು ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕು. ಸುಳ್ಳು ದಾಖಲೆ ಕೊಟ್ಟರೆ ಸೀಟೇ ರದ್ದು. ಕಾಗದದ ಮೇಲೆ ಪೆನ್ನಿನಲ್ಲಿ ಸಹಿ ಮಾಡಿ ಕೊರಿಯರ್ ಮಾಡಿ ಎಂದು ನಾನು ಕಂಪನಿಗೆ ಬರೆದೆ. ‘ಕಾಗದ ಯಾಕೆ?’ ಎಂದು ಕೇಳಿದರು. ಬೇಕೇ ಬೇಕು ಅಂದೆ. ಪಾಪ, ಕಳಿಸಿದರು. ಮೊದಲು ಅದರ ಫೋಟೊ ಕಳಿಸಿ, ಮೂಲಪ್ರತಿಯನ್ನು ರಜೆ ಮುಗಿಸಿ ಹೋದಾಗ ಕೊಡುವುದೆಂದು ನನ್ನ ಲೆಕ್ಕ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಸುರಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಶಾಲೆಯ ಸಿಕ್ಕಾ, ಅಂದರೆ ರಬ್ಬರಿನ ಮೊಹರು, ಇರುತ್ತಿದ್ದುದು ಅವನ ಕಪಾಟಿನಲ್ಲೇ. ಮುಖ್ಯಗುರುಗಳು ಸಹಿ ಮಾಡಬಹುದು, ಸಿಕ್ಕಾ ಒತ್ತುವವನು ಮಾತ್ರ ಅಪ್ಪ. “ಅರ್ಧ ಸಹಿ ಮ್ಯಾಲ, ಅರ್ಧ ಖಾಲಿ ಕಾಗದದ ಮ್ಯಾಲ ಬೀಳಬೇಕು. ಅಂದ್ರ ಯಾರಿಗೂ ಖೊಟ್ಟಿ ಮಾಡಾಕ ಬರಂಗಿಲ್ಲ,” ಎಂದು ನನಗೆ ಅಂಗನವಾಡಿ ವಯಸ್ಸಿನಿಂದಲೇ ಪಾಠ. ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ವಿದ್ಯಾರ್ಥಿವೇತನದ ಅರ್ಜಿ ತಿರುಗಿ ಬಂದಿತ್ತು. ಜಾತಿ ಪ್ರಮಾಣಪತ್ರದ ಮೇಲಿನ ಸಿಕ್ಕಾ ಮಸುಕಾಗಿದೆಯಂತೆ. ಅಪ್ಪ ಮೂರು ಸಲ ಯಾದಗಿರಿಗೆ ಅಲೆದ. ಎದುರಿಗೆ ನಿಂತು ಇವಳು ನನ್ನ ಮಗಳು, ನಾವು ಇಂಥವರು ಎಂದು ಕೈಮುಗಿದು ಹೇಳಿದರೂ ಕಚೇರಿಯವರು ಕಾಗದದಿಂದ ಕಣ್ಣೆತ್ತಲಿಲ್ಲ.

ಕೊರಿಯರ್ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಬೋನಾಳದ ಸೋದರತ್ತೆಯ ಮನೆಗೆ ಹೋಗಿದ್ದೆ. ಎರಡು ದಿನ ಬಿಟ್ಟು ಬಂದು ನೋಡುತ್ತೇನೆ, ಮೇಜಿನ ಮೇಲೆ ನನ್ನ ಪತ್ರ. ಕೆಳಗೆ ಗುಂಡನೆಯ ನೇರಳೆ ಸಿಕ್ಕಾ. ಸುತ್ತಲೂ ಕಂಪನಿಯ ಹೆಸರು, ನಡುವೆ ಆ ದೇಶದ ಹೆಸರು, ಆಚೆಗೊಂದು ಈಚೆಗೊಂದು ನಕ್ಷತ್ರ. ಪಕ್ಕದಲ್ಲಿ ಮರದ ಹಿಡಿಯ ಹೊಸ ಮೊಹರು, ಶಾಯಿ ಪ್ಯಾಡು.

“ಅಪ್ಪಾ, ಏನಿದು?”

“ಸಿಕ್ಕಾ ಹಾಕೋದು ಮರತಾರವ್ವಾ ಅವರು. ಹಿಂಗೇ ಕಳಿಸಿದ್ರ ತಿರುಗಿ ಬರ್ತದಂತ ಯಾದಗಿರಿಗಿ ಹೋಗಿ ಮಾಡಿಸಿಕೊಂಡು ಬಂದೀನಿ. ನೋಡು, ಒಂದಕ್ಷರ ತಪ್ಪಿಲ್ಲ.”

ಅಯ್ಯೋ ನನ್ನ ಕರ್ಮವೇ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಸಿಟ್ಟು ನೆತ್ತಿಗೇರಿತು. “ಕಂಪನಿ ಸಿಕ್ಕಾ ನೀ ಹೆಂಗ ಮಾಡಸ್ತಿ? ಖೊಟ್ಟಿ ಆಗ್ತದ ಅದು!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

“ಸಹಿ ಅವರ್ದೇ ಅದಲ್ಲ? ಖೊಟ್ಟಿ ಏನದ ಇದರಾಗ?”

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. “ಆ ಮೂಲಿ ಕತ್ತರಿಸಿ ಕಳಸು. ಯಾರಿಗಿ ತಿಳೀತದ?” ಎಂದಳು. ಕತ್ತರಿಸುವುದು ಎಲ್ಲಿ? ಅರ್ಧ ಸಿಕ್ಕಾ ಸಹಿಯ ಮೇಲೆ ಕುಳಿತಿದೆ. ಅಪ್ಪನ ಕೆಲಸ ಅಷ್ಟು ಪಕ್ಕಾ.

ತಿಂಗಳು ಮುಗಿಯಲು ಮೂರೇ ದಿನ. ಇನ್ನೊಂದು ಪತ್ರ ಅಷ್ಟರಲ್ಲಿ ಬರುವ ಮಾತೇ ಇರಲಿಲ್ಲ. ತಲೆ ಕೆಟ್ಟು ಕೆರ ಹಿಡಿದಿತ್ತು. ಮೇಲ್ ತೆರೆದು, ಸುಳ್ಳು ದಾಖಲೆ ಕೊಟ್ಟರೆ ಸೀಟು ರದ್ದು ಎಂಬ ಸಾಲನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಕುರ್ಚಿಯಲ್ಲಿ ಕುಳಿತುಬಿಟ್ಟ.

“ಮೂವತ್ತು ವರ್ಷ ಸಿಕ್ಕಾ ನನ್ನ ಕೈಯಾಗಿತ್ತು. ಒಂದು ಖೊಟ್ಟಿ ಕಾಗದ ಹೊರಗ ಹೋಗಿಲ್ಲ,” ಅಂದ.

“ಈಗ ಮಾಡಿದಿ ನೋಡು,” ಅಂದೆ. ಅನ್ನಬಾರದಿತ್ತು. ಅಂದುಬಿಟ್ಟೆ.

ಸಂಜೆ ಅಪ್ಪ ಬ್ಲೇಡು ತಂದು ಆ ಹೊಸ ಮೊಹರಿನ ರಬ್ಬರನ್ನು ಕೆತ್ತಿ, ಚೂರುಚೂರು ಮಾಡಿ ಒಲೆಗೆ ಹಾಕಿದ. ಮರುದಿನ ಬೆಳಿಗ್ಗೆ, ಪತ್ರ ದಾರಿಯಲ್ಲಿ ಕಳೆದುಹೋಯಿತು ಎಂದು ವಿಶ್ವವಿದ್ಯಾಲಯಕ್ಕೆ ಬರೆಯಲು ನಾನು ಕುಳಿತಿದ್ದೆ. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಮೇಲೆ ಬಂದ, ಕಚೇರಿಗೆ ಹೊರಟವನ ಹಾಗೆ. ನಾನು ಬರೆಯುತ್ತಿದ್ದುದನ್ನು ಕೇಳಿ ಬೇಡವೆಂದು ತಲೆಯಾಡಿಸಿದ.

“ಸುಳ್ಳು ಬರಿಬ್ಯಾಡ. ಸಿಕ್ಕಾ ಮಾಡಿಸಿದಾಂವ ಅಪ್ಪ ಅಂತ ಬರಿ. ನನ್ನ ಹೆಸರು, ವಯಸ್ಸು, ಮಾಡಿದ ನೌಕರಿ, ಎಲ್ಲಾ ಬರಿ. ಶಿಕ್ಷಾ ಏನಿದ್ರೂ ಅವಗ ಕೊಡ್ರಿ, ಹುಡುಗಿ ಓದು ನಿಲ್ಲಸಬ್ಯಾಡ್ರಿ ಅಂತ ಬರಿ.”

ಬರೆದೆ. ಸಿಕ್ಕಾ ಬಿದ್ದ ಪತ್ರದ ಫೋಟೊವನ್ನೂ ಸೇರಿಸಿದೆ. ಕಳಿಸಿದೆ.

ಉತ್ತರ ಮರುದಿನವೇ ಬಂತು. ನಾಲ್ಕೇ ಸಾಲು. ನಡೆದದ್ದನ್ನು ನಡೆದ ಹಾಗೆ ತಿಳಿಸಿದ್ದಕ್ಕೆ ವಂದನೆ. ನಮಗೆ ಕಾಗದದ ಪತ್ರ ಬೇಕಾಗಿಯೇ ಇರಲಿಲ್ಲ. ಕಂಪನಿಯನ್ನು ಕೇಳಿದೆವು, ಅವರು ಮೇಲ್‌ನಲ್ಲೇ ಪತ್ರ ಕಳಿಸಿದ್ದಾರೆ. ಕೆಲಸ ಮುಂದುವರಿಸಬಹುದು.

ಮೊದಲಿನ ಮೇಲ್ ತೆಗೆದು ಮೂರು ಸಲ ಓದಿದೆ. ಕಾಗದ ಎಂಬ ಮಾತಿಲ್ಲ, ಮೂಲಪ್ರತಿ ಎಂಬ ಮಾತಿಲ್ಲ. ಕೊರಿಯರ್ ಬೇಕೆಂದು ಹಟ ಹಿಡಿದವಳು ನಾನೇ. ನೂಲಿನಂತೆ ಸೀರೆ, ಅಪ್ಪನಂತೆ ಮಗಳು. ಇಷ್ಟಕ್ಕೆ ಅವನ ಮೇಲೆ ಅಷ್ಟು ಕೂಗಾಡಿದ್ದೆ.

ಕೆಳಗಿಳಿದು ಅಪ್ಪನಿಗೆ ಓದಿ ಹೇಳಿದೆ. ಅವನು ಕನ್ನಡಕ ಹಾಕಿಕೊಂಡು ಮೊಬೈಲು ಇಸಿದುಕೊಂಡ. ಬೆರಳಿನಿಂದ ಮೇಲೆ ಸರಿಸಿದ, ಕೆಳಗೆ ಸರಿಸಿದ.

“ಕೆಳಗ ಸಿಕ್ಕಾ ಇಲ್ಲಲ್ಲವ್ವಾ.”

“ಅವರಿಗಿ ಬೇಕಾಗಿಲ್ಲಪ್ಪ.”

“ಮತ್ತ ನಾವು ಬರದದ್ದಕ್ಕ?”

“ಅದಕ್ಕೂ ಇರಲಿಲ್ಲ.”

ಅಪ್ಪ ಮೊಬೈಲನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದ. ಪರದೆ ಆರಿಹೋಗಿ ಕಪ್ಪಾಯಿತು.

“ಅಂದ್ರ, ನಾವು ಬರೇ ಹೇಳಿದ್ದಕ್ಕ ನಂಬ್ಯಾರ?”

“ಹೌದಪ್ಪ.”

ಮೊಬೈಲನ್ನು ನನ್ನ ಕೈಗೆ ಕೊಟ್ಟು, “ಇನ್ನೊಮ್ಮಿ ಓದು,” ಅಂದ.