ಗೇರುಹಣ್ಣಿನ ಬಣ್ಣದ ಬಲ್ಬು

ಎಪ್ಪತ್ತರ ದಶಕದಲ್ಲಿ ಅಪ್ಪ ಬಜಗೋಳಿಯ ಅಕ್ಕಿ ಮಿಲ್ಲಿನ ಮೋಟಾರು ನೋಡಿಕೊಳ್ಳುತ್ತಿದ್ದರು. ಮಿಲ್ಲು ಓಡುವಷ್ಟು ಹೊತ್ತೂ ನಮ್ಮ ಮನೆಯ ಬಲ್ಬು ಗೇರುಹಣ್ಣಿನ ಬಣ್ಣದಲ್ಲಿ ತೂಕಡಿಸುತ್ತಿತ್ತು, ಗೋಡೆಗಳೂ ಅರೆನಿದ್ದೆಯಲ್ಲಿರುತ್ತಿದ್ದವು. ಬಲ್ಬು ಫಕ್ಕನೆ ಬೆಳಗಿದರೆ ಮಿಲ್ಲು ನಿಂತಿತೆಂದು ಅರ್ಥ. ಅಪ್ಪ ಮನೆಗೆ ಹೊರಟರೆಂದು ಅಮ್ಮ ಆಗ ಚಹಾಕ್ಕೆ ನೀರಿಡುತ್ತಿದ್ದರು.

“ಪವರ್ ಫ್ಯಾಕ್ಟರ್ ಕಡಿಮೆ ಉಂಟು. ಮೋಟಾರು ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ, ತಂತಿ ಬಿಸಿಯಾಗುತ್ತದೆ, ಊರಿನ ಬಲ್ಬೆಲ್ಲ ಮಂಕಾಗುತ್ತದೆ” ಎನ್ನುತ್ತಿದ್ದರು ಅಪ್ಪ. ಕೊನೆಗೆ ಆ ಎಳೆತ ತಗ್ಗಿಸಲು ಕೆಪಾಸಿಟರ್ ಎಂಬ ಡಬ್ಬಿಯೊಂದನ್ನು ಮಿಲ್ಲಿಗೆ ಅವರೇ ಕೂರಿಸಿದರು. ಹಾಳಾದ ಡಬ್ಬಿ!

ಆ ಸಂಜೆ ಬಲ್ಬು ಮಂಕಾಗಲೇ ಇಲ್ಲ. ಮಿಲ್ಲು ನಿಂತಿತೆಂದು ಅಮ್ಮ ಆಗಲೇ ಚಹಾ ಇಟ್ಟರು. ಅದು ಕುದಿದು ಕುದಿದು ಕಪ್ಪಾದ ಮೇಲೆ ಅಪ್ಪ ಹೆಮ್ಮೆಯಿಂದ ಬಂದರು.

“ಬೆಳಕು ಹೇಗುಂಟು?”

“ಚಂದ ಉಂಟು. ಆದರೆ ಇದರಲ್ಲಿ ನೀವು ಬರುವುದು ಕಾಣುವುದಿಲ್ಲ, ಮಾರಾಯ್ರೆ.”