ಕೊಡೆ ಹಿಡಿದ ಕೈ

ಮೊನ್ನೆ ಐಮಂಗಲದ ಹತ್ತಿರ ಹೆದ್ದಾರಿಯ ಹೋಟೆಲೊಂದರಲ್ಲಿ ಟೀ ಕುಡಿಯಲು ಕುಳಿತಿದ್ದೆ. ಗೋಡೆಯ ತುಂಬ ಹಳೇ ಕಪ್ಪುಬಿಳುಪು ಫೋಟೋಗಳು. ಬ್ರಿಟಿಷರ ಬಂಗಲೆ, ಕಮಾನು, ಅವುಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ದೊರೆಗಳು. ಚಂದಕ್ಕಂತೆ! ಟೀ ಲೋಟ ಕೆಳಗಿಟ್ಟೆ. ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು...

ಅವರ ದೇವರ ಗೂಡಿನ ಪಕ್ಕದಲ್ಲೂ ಇಂಥದೇ ಒಂದು ಫೋಟೋ ಇತ್ತು. ಸತ್ತ ಯಾವನೋ ದೊರೆಯ ನೆನಪಿಗೆ ನಿಲ್ಲಿಸಿದ ಕಲ್ಲುಕಂಬ, ಅದರ ಮುಂದೆ ಟೋಪಿ ಹಾಕಿದ ಇನ್ನೊಬ್ಬ ದೊರೆ, ಅವನ ತಲೆಯ ಮೇಲೊಂದು ಕೊಡೆ. ಅಜ್ಜಿ ದಿನಾ ಅದಕ್ಕೆ ಹೂವೇರಿಸಿ, ಗಾಜಿಗೆ ಒದ್ದೆ ಕುಂಕುಮ ಹಚ್ಚುತ್ತಿದ್ದರು. ಅವರ ಮನೆದೇವರು ಬಿಳಿ ದೊರೆ ಎಂದು ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಒಂದು ದಿನ ನಾನು ಕೇಳಿಯೇಬಿಟ್ಟೆ.

“ಆ ಮುಂಡೇದಕ್ಕೆ ನಾನ್ಯಾಕೆ ಕುಂಕುಮ ಹಚ್ಲಿ? ಸರಿಯಾಗಿ ನೋಡೇ,” ಎಂದು ಅಜ್ಜಿ ಫೋಟೋದ ಅಂಚನ್ನು ತೋರಿಸಿದರು.

ಕೊಡೆಯ ಕೋಲನ್ನು ಹಿಡಿದ ಒಂದು ಕಪ್ಪು ಮುಷ್ಟಿ. ಮಣಿಕಟ್ಟಿಗೇ ಫೋಟೋ ಮುಗಿದಿತ್ತು.

“ನಮ್ಮಪ್ಪ. ಆ ಕಂಬದ ಕಲ್ಲು ಹೊತ್ತೋನೂ ಅವ್ನೇ. ಪಟದಾಗೆ ಇಷ್ಟೇ ಬಂದವ್ನೆ.”

ಅಜ್ಜಿ ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅವರ ಮುಖ ಹೇಗಿತ್ತೆಂದು ಅಜ್ಜಿಗೆ ಗೊತ್ತಿರಲಿಲ್ಲ. ಅಪ್ಪ ಎಂದರೆ ಅವ್ವ ತೋರಿಸಿಕೊಟ್ಟ ಆ ಮುಷ್ಟಿ, ಅಷ್ಟೇ.

ಕೆಲವು ವರ್ಷಗಳ ಮೇಲೆ ಫೋಟೋಕ್ಕೆ ಹುಳ ಬಿತ್ತು. ಅಜ್ಜಿ ಅದನ್ನು ಸ್ಟುಡಿಯೋದವನಿಗೆ ಕೊಟ್ಟು, ಇದರಂತೆಯೇ ಹೊಸದೊಂದು ಮಾಡಿಕೊಡು ಎಂದರು. ತರಲು ಹೋದಾಗ ನಾನೂ ಜೊತೆಗಿದ್ದೆ. ಕಂಬ ಹೊಳೆಯುತ್ತಿತ್ತು, ದೊರೆಯ ಮೀಸೆಯ ಕೂದಲೂ ಕಾಣುತ್ತಿತ್ತು. ಅಂಚು ಮಾತ್ರ ಇರಲಿಲ್ಲ.

“ಆ ಕಡೀಗೆ ಕುಂಕುಮ ಇಳಿದು ಬರೇ ಕಲೆ ಆಗಿತ್ತಜ್ಜಿ. ಕತ್ತರಿಸಿ ನೀಟಾಗಿ ಮಾಡೀನಿ. ಹಳೇದು ಹುಳ ಹಿಡಿದಿತ್ತು, ಬಿಸಾಕಿದೆ,” ಎಂದ.

ಅಜ್ಜಿ ಫೋಟೋವನ್ನು ಬಹಳ ಹೊತ್ತು ನೋಡಿದರು. “ಆ ಕಲೆ ಕೆಳಗೇ ನಮ್ಮಪ್ಪ ಇದ್ದ ಕಣಪ್ಪ,” ಎಂದರು. ಬೈಯಲಿಲ್ಲ. ತಾವೇ ದಿನಾ ಹಚ್ಚಿದ ಕುಂಕುಮ, ಯಾರನ್ನು ಬೈಯಬೇಕು? ದಾರಿಯುದ್ದಕ್ಕೂ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಲೇ ಬಂದರು.

ಆಮೇಲೆ ಅವರು ಹೂವೇರಿಸಲಿಲ್ಲ. ಫೋಟೋ ಇಳಿಸಲೂ ಇಲ್ಲ. “ಕೊಡೆಯಾದ್ರೂ ಐತಲ್ಲ, ಇರ್ಲಿ,” ಎನ್ನುತ್ತಿದ್ದರು...

ಹೋಟೆಲಿನಲ್ಲಿ ಎದ್ದುಹೋಗಿ ಒಂದೊಂದು ಫೋಟೋದ ಅಂಚನ್ನೂ ನೋಡಿದೆ. ಮಾಣಿ ನನ್ನನ್ನು ವಿಚಿತ್ರವಾಗಿ ನೋಡಿದ. ಎಲ್ಲವನ್ನೂ ನೀಟಾಗಿ ಕತ್ತರಿಸಿದ್ದರು.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆ ಮುಷ್ಟಿಯನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಅದು ಬಲಗೈಯೋ ಎಡಗೈಯೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.