ಹನ್ನೆರಡು ನಿಮಿಷದ ಆಚೆ

ಸತ್ತವರ ಮಾತು ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಬಂಗಾಳದ ಸಾಲ್ಟ್ ಲೇಕ್ ಬಡಾವಣೆಯ ಸೆಕ್ಟರ್ ಫೈವ್‌ನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು ನಾನು. ಯಾವ ವಿಚಿತ್ರಕ್ಕೂ ಕಾರಣ ಸಿಕ್ಕೇ ಸಿಗುತ್ತದೆ ಎಂಬ ಜಂಬ ನನಗಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನಿಲ್ಲ.

ಅಣ್ಣ ತೀರಿಕೊಂಡು ವರ್ಷವಾಗಿತ್ತು. ಆಸ್ಪತ್ರೆ ಸೇರುವ ಮುಂಚೆ, ಮಗಳ ಮದುವೆಯಲ್ಲಿ ಕೇಳಿಸಲೆಂದು ತನ್ನ ಮಾತು ರೆಕಾರ್ಡ್ ಮಾಡಿಟ್ಟಿದ್ದ. ಮದುವೆಗೆ ಇನ್ನೊಂದೇ ವಾರ. ಅವನ ಹಳೆಯ ಕಂಪ್ಯೂಟರಿನಲ್ಲಿ ಫೈಲು ನಲವತ್ತು ನಿಮಿಷ ಎಂದು ತೋರಿಸುತ್ತಿತ್ತು, ಆದರೆ ಹನ್ನೆರಡನೇ ನಿಮಿಷಕ್ಕೆ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪೂರ್ತಿ ಕೇಳಿಸಲೇಬೇಕೆಂದು ಅತ್ತಿಗೆ ಸುಮಾ ಹಟ ಹಿಡಿದರು.

ಭಾನುವಾರ ಬೆಳಿಗ್ಗೆ ಸಾಲ್ಟ್ ಲೇಕ್‌ನ ಅವರ ಫ್ಲ್ಯಾಟಿಗೆ ಹೋದೆ. ಮೆಮೊರಿ ಸಾಲದಾದಾಗ ಕಂಪ್ಯೂಟರ್ ಹಾರ್ಡ್ ಡಿಸ್ಕಿನ ಒಂದಿಷ್ಟು ಜಾಗವನ್ನು ಮೆಮೊರಿಯಂತೆ ಬಳಸಿಕೊಳ್ಳುತ್ತದೆ. ಅದಕ್ಕೆ ವರ್ಚುವಲ್ ಮೆಮೊರಿ ಎನ್ನುತ್ತಾರೆ. ಅಣ್ಣ ಅದನ್ನು ತೀರಾ ಕಡಿಮೆ ಇಟ್ಟಿದ್ದ. ನಾಲ್ಕು ಪಟ್ಟು ಹೆಚ್ಚಿಸಿ ರೀಸ್ಟಾರ್ಟ್ ಮಾಡಿದೆ.

ಈ ಸಲ ಹನ್ನೆರಡು ನಿಮಿಷ ದಾಟಿತು. ಮಾತಿಲ್ಲ, ಫ್ಯಾನಿನ ಸದ್ದು ಮಾತ್ರ. ಅತ್ತಿಗೆ ನನಗೆಂದು ನೀರು ತಂದು ಕೀಬೋರ್ಡಿನ ಪಕ್ಕ ಇಡಲು ಬಗ್ಗಿದರು. ಸ್ಪೀಕರಿನಿಂದ ಅಣ್ಣನ ದನಿ ಬಂತು.

"ಅಲ್ಲಿಡಬೇಡ ಸುಮಾ. ಆಮೇಲೆ ತಿಂತೀನಿ."

ತಿನ್ನುವುದಕ್ಕೂ ಕುಡಿಯುವುದಕ್ಕೂ ಒಂದೇ ಮಾತಾದ್ದರಿಂದ ಬಂಗಾಳಿಗಳು ನೀರನ್ನೂ ತಿನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಅಣ್ಣ ಕನ್ನಡದಲ್ಲೂ ನೀರು ತಿನ್ನುತ್ತಿದ್ದ. ಮೈಸೂರಿನ ಅತ್ತಿಗೆ ಎಷ್ಟು ತಿದ್ದಿದರೂ ಆ ತಪ್ಪು ಅವನ ಬಾಯಿಂದ ಹೋಗಿರಲಿಲ್ಲ. ನಾನು ಬೆಚ್ಚಿ ರೆಕಾರ್ಡಿಂಗ್ ನಿಲ್ಲಿಸಿದೆ. ರೆಕಾರ್ಡ್ ಮಾಡಿದ ದಿನ ನೀವೂ ಪಕ್ಕದಲ್ಲಿದ್ದಿರಬೇಕು, ಈಗ ಕಾಕತಾಳೀಯವಾಗಿ ಹೊಂದಿತು ಅಷ್ಟೆ ಎಂದು ಅತ್ತಿಗೆಗೆ ಹೇಳಿದೆ, ನನಗೂ ಸಮಾಧಾನವಾಗಲೆಂದು.

"ಅವತ್ತು ನಾನು ಮೈಸೂರಲ್ಲಿದ್ದೆ," ಎಂದರು ಅತ್ತಿಗೆ.

ಬಾಲ್ಕನಿಗೆ ಹೋಗಿ ಐದು ನಿಮಿಷ ನಿಂತು ಬಂದೆ. ಅತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಫೈಲನ್ನು ಮತ್ತೆ ತೆರೆದೆ. ಈಗ ಅದು ನಲವತ್ತಲ್ಲ, ಒಟ್ಟು ಹನ್ನೆರಡು ನಿಮಿಷ ಎಂದು ತೋರಿಸುತ್ತಿತ್ತು. ಮುಂದೆ ಏನೂ ಇಲ್ಲ. ವರ್ಚುವಲ್ ಮೆಮೊರಿ ಇನ್ನೂ ಹೆಚ್ಚಿಸಿದೆ, ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಅಷ್ಟೇ.

ಮಿಕ್ಕಿದ್ದನ್ನು ನಾನೇ ಹೆದರಿ ಅಳಿಸಿದೆ ಎಂದು ಅತ್ತಿಗೆಗೆ ಅನುಮಾನ. ತಮಗೊಬ್ಬರಿಗೇ ಇರಲಿ ಎಂದು ಅವರೇ ಎಲ್ಲೋ ತೆಗೆದಿಟ್ಟುಕೊಂಡಿದ್ದಾರೆಂದು ನನಗೆ. ಬಾಯಿಬಿಟ್ಟು ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ಹಾಗೆ ತೆಗೆದಿದ್ದರೂ ಆ ಮಾತು ಅಲ್ಲಿಗೆ ಹೇಗೆ ಬಂತು?

ಮದುವೆಯಲ್ಲಿ ಹನ್ನೆರಡು ನಿಮಿಷ ಕೇಳಿಸಿದೆವು. ಮಗಳು ಕಣ್ಣೊರೆಸಿಕೊಂಡು, "ಇಷ್ಟೇನಾ ಚಿಕ್ಕಪ್ಪ?" ಎಂದಳು.

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಆಗಲೇ ನನ್ನನ್ನು ನೋಡುತ್ತಿದ್ದರು.